ಮಾತ್ರೆ ಬಿಟ್ಟ ತಮ್ಮನಿಗೆ

ಶಿವಮೊಗ್ಗ

ಪ್ರೀತಿಯ ರಾಘು,

ನೀನು ಶುಗರ್ ಮಾತ್ರೆ ನಿಲ್ಲಿಸಿದ್ದೀಯೆಂದು ಶಾರದೆ ಹೇಳಿದಳು. ಅದು ಕಿಡ್ನಿಯನ್ನು ಹಾಳುಮಾಡುತ್ತದೆಂದು ಯಾರೋ ಹೇಳಿದರಂತೆ. ಅವರೇ ಒಂದು ಬೇರಿನ ಪುಡಿಯನ್ನೂ ಕೊಟ್ಟರಂತೆ. ‘ಅದು ಕೆಮಿಕಲ್ಲು, ಇದು ಗಿಡ’ ಎಂದು ನೀನು ಅವಳ ಬಾಯಿ ಮುಚ್ಚಿಸಿದೆಯಂತೆ. ಫೋನಿನಲ್ಲೇ ನಿನ್ನ ಹತ್ತಿರ ಮಾತಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಆಯ್ತಕ್ಕ’ ಎನ್ನುತ್ತೀಯ, ಆಮೇಲೆ ನಿನಗೆ ತೋಚಿದ್ದನ್ನೇ ಮಾಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಮಧ್ಯಾಹ್ನ ಊಟವಾದ ಮೇಲೆ ಜಗುಲಿಯಲ್ಲಿ ಕೂತು ನಿಧಾನವಾಗಿ ಓದು.

ಅಪ್ಪನ ಕಾಲಬೆರಳಿನ ಗಾಯ ಹೇಗೆ ಪಾದಕ್ಕೇರಿತು, ಪಾದದಿಂದ ಮೊಣಕಾಲಿಗೆ ಹೇಗೆ ಬಂತು ಎಂಬುದನ್ನು ನಾವಿಬ್ಬರೂ ನೋಡಿದ್ದೇವೆ. ಅವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ನಿನಗೆ ಬೇಗ ಗೊತ್ತಾಗಿದೆ, ಕೈಗೆಟುಕುವ ಔಷಧಿ ಇದೆ. ಅದನ್ನು ನೀನು ಒಂದು ಗಾಳಿಮಾತಿಗೆ ಬಿಟ್ಟೆ ಎನ್ನುವುದು ನನಗೆ ತಡೆದುಕೊಳ್ಳಲಾಗದ ಸಂಗತಿ.

ಆ ಗಾಳಿಮಾತು ಪೂರ್ತಿ ಸುಳ್ಳಲ್ಲ. ಹಾಗಾಗಿಯೇ ಅದು ಇಷ್ಟು ಗಟ್ಟಿಯಾಗಿ ಉಳಿದಿದೆ. ಒಂದೇ ಕುಲದ ಇನ್ನೊಂದು ಔಷಧಿ ಮಾಡಿದ ಅನಾಹುತ ನಿನ್ನ ಮಾತ್ರೆಯ ತಲೆಗೆ ಬಂದು ಕೂತಿದೆ. ಆ ಕುಲದ ಹೆಸರು ಬೈಗ್ವನೈಡ್. ನಾನು ಕಾಲೇಜಿನಲ್ಲಿ ಕಲಿಸುವಾಗಿನಿಂದ ನನಗೆ ಬಹಳ ಪ್ರಿಯವಾದ ಅಣುಗಳಲ್ಲಿ ಇದೊಂದು. ಸ್ವಲ್ಪ ರಸಾಯನಶಾಸ್ತ್ರ ಸಹಿಸಿಕೋ.

ಪೆರು ದೇಶದ ಕರಾವಳಿಯ ದ್ವೀಪಗಳಲ್ಲಿ ಕಡಲಹಕ್ಕಿಗಳ ಹಿಕ್ಕೆ ಗುಡ್ಡಗಟ್ಟಲೆ ಬಿದ್ದಿರುತ್ತಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ರೈತರು ಅದನ್ನು ಹಡಗುಗಳಲ್ಲಿ ಗೊಬ್ಬರಕ್ಕೆಂದು ತರಿಸುತ್ತಿದ್ದರು. ಅದರಲ್ಲಿದ್ದ ಗ್ವಾನೀನ್ ಎಂಬ ವಸ್ತುವಿನಿಂದ ಅಡಾಲ್ಫ್ ಸ್ಟ್ರೆಕರ್ ಎಂಬ ಜರ್ಮನ್ ರಸಾಯನತಜ್ಞ 1861ರಲ್ಲಿ ಗ್ವನಿಡೀನ್ ತಯಾರಿಸಿದ. ನಡುವೆ ಒಂದು ಇಂಗಾಲದ ಪರಮಾಣು, ಅದರ ಸುತ್ತ ಮೂರು ಸಾರಜನಕ, ಗ್ವನಿಡೀನ್ ಎಂದರೆ ಇಷ್ಟೇ. ಇಂಥ ಎರಡನ್ನು ಜೋಡಿಸಿ, ಜೋಡಿಸುವಾಗ ಒಂದು ಅಮೋನಿಯಾವನ್ನು ಹೊರಹಾಕಿದರೆ ಬೈಗ್ವನೈಡ್ ಸಿಗುತ್ತದೆ. ಎರಡು ಇಂಗಾಲ, ಐದು ಸಾರಜನಕ, ಏಳು ಜಲಜನಕ. 1879ರಲ್ಲಿ ಬರ್ನ್‌ಹಾರ್ಡ್ ರಾಟ್ಕೆ ಇದನ್ನು ಮೊದಲು ತಯಾರಿಸಿದ. ಇದರ ಒಂದು ತುದಿಯ ಸಾರಜನಕದ ಮೇಲಿರುವ ಎರಡು ಜಲಜನಕಗಳನ್ನು ತೆಗೆದು ಆ ಜಾಗದಲ್ಲಿ ಎರಡು ಮಿಥೈಲ್ ಗುಂಪುಗಳನ್ನಿಟ್ಟರೆ ಅದೇ ನಿನ್ನ ಮೆಟ್‌ಫಾರ್ಮಿನ್.

ಐದು ಸಾರಜನಕಗಳು ಹೀಗೆ ಸಾಲಾಗಿ ನಿಂತಾಗ ಒಂದು ವಿಶೇಷ ಗುಣ ಬರುತ್ತದೆ. ಈ ಅಣುವಿಗೆ ಪ್ರೋಟಾನ್ ಎಂದರೆ ಬಹಳ ಆಸೆ. ಒಂದನ್ನು ಹಿಡಿದುಕೊಂಡರೆ ಅದರ ಧನ ವಿದ್ಯುದಾವೇಶವನ್ನು ಒಂದೇ ಕಡೆ ಇಟ್ಟುಕೊಳ್ಳದೆ ಮೈತುಂಬ ಹಂಚಿಕೊಳ್ಳುತ್ತದೆ. ಹಂಚಿಕೊಂಡಿದ್ದರಿಂದ ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ಇದು ಪ್ರಬಲವಾದ ಕ್ಷಾರ. ನಮ್ಮ ರಕ್ತದಲ್ಲಿ ಹೆಚ್ಚುಕಡಿಮೆ ಯಾವಾಗಲೂ ಧನ ಆವೇಶ ಹೊತ್ತುಕೊಂಡೇ ಇರುತ್ತದೆ. ಈ ಒಂದು ಮಾತನ್ನು ನೆನಪಿಟ್ಟುಕೋ. ಮುಂದೆ ನಾನು ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ.

ನಿನಗೆ ಇಷ್ಟವಾಗುವ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಕೊಳೆರೋಗಕ್ಕೆ ಅಡಿಕೆಗೊನೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ನೀನು ಮೈಲುತುತ್ತ ಹಾಕುತ್ತೀಯಲ್ಲ, ಅದನ್ನು ಕ್ಷಾರ ಬೆರೆಸಿದ ಬೈಗ್ವನೈಡ್ ದ್ರಾವಣಕ್ಕೆ ಹಾಕಿದರೆ ನೀಲಿ ಬಣ್ಣ ಹೋಗಿ ಚಂದದ ಗುಲಾಬಿಗೆಂಪು ಬರುತ್ತದೆ. ತಾಮ್ರವನ್ನು ಎರಡು ಬೈಗ್ವನೈಡ್‌ಗಳು ಎರಡೂ ಕಡೆಯಿಂದ ತಬ್ಬಿ ಹಿಡಿಯುವುದರಿಂದ ಹುಟ್ಟುವ ಬಣ್ಣ ಅದು. ಕಲ್ಕತ್ತೆಯಲ್ಲಿ ಪ್ರಿಯದಾರಂಜನ್ ರೇ ಇಂಥ ಸಂಯುಕ್ತಗಳನ್ನೇ ದಶಕಗಳ ಕಾಲ ಅಭ್ಯಾಸ ಮಾಡಿದರು. ಸಾಮಾನ್ಯವಾಗಿ ಒಂದೇ ಎಲೆಕ್ಟ್ರಾನ್ ಬಿಟ್ಟುಕೊಡುವ ಬೆಳ್ಳಿ ಮೂರನ್ನು ಬಿಟ್ಟುಕೊಟ್ಟ ಸ್ಥಿತಿಯಲ್ಲಿ ನಿಲ್ಲುವುದೇ ಕಷ್ಟ. ಅದನ್ನೂ ಬೈಗ್ವನೈಡಿನ ತೆಕ್ಕೆಯಲ್ಲಿ ನಿಲ್ಲಿಸಿ ತೋರಿಸಿದವರು ಅವರು. 1961ರಲ್ಲಿ ಈ ಸಂಯುಕ್ತಗಳ ಬಗ್ಗೆ ಅವರು ಬರೆದ ದೀರ್ಘ ಸಮೀಕ್ಷೆ ಜಗತ್ತಿನ ರಸಾಯನತಜ್ಞರಿಗೆಲ್ಲ ಆಕರವಾಯಿತು. ಈಚೆಗೆ ಮೊಹಾಲಿಯ ನೈಪರ್ ಸಂಸ್ಥೆಯ ಪ್ರಸಾದ್ ಭಾರತಂ ಮತ್ತು ಅವರ ಸಂಗಡಿಗರು, ಪುಸ್ತಕಗಳಲ್ಲಿ ಈ ಅಣುವಿನ ನಡುವಣ ಸಾರಜನಕದ ಮೇಲೆ ಜಲಜನಕವನ್ನು ಬರೆಯುವುದೇ ಸರಿಯಲ್ಲ, ಅಲ್ಲಿ ಇಂಗಾಲದ ಜೊತೆ ಜೋಡಿಬಂಧ ಇರಬೇಕು ಎಂದು ಲೆಕ್ಕ ಹಾಕಿ ತೋರಿಸಿದರು. ನೂರು ವರ್ಷ ಹಳೆಯ ಅಣುವಿನಲ್ಲಿ ಇನ್ನೂ ತಿದ್ದುವುದಕ್ಕೆ ಉಳಿದಿತ್ತು ಎಂಬುದು ನನಗೆ ಬಹಳ ಖುಷಿ ಕೊಟ್ಟ ಸುದ್ದಿ.

ಈಗ ನಿನ್ನ ‘ಗಿಡ’ದ ಮಾತಿಗೆ ಬರುತ್ತೇನೆ. ಮೆಟ್‌ಫಾರ್ಮಿನ್ನಿನ ಮೂಲವೂ ಒಂದು ಗಿಡವೇ.

ಯುರೋಪಿನಲ್ಲಿ ಗಲೀಗಾ ಆಫಿಸಿನಾಲಿಸ್ ಎಂಬ ಗಿಡವಿದೆ. ನಮ್ಮ ತೊಗರಿ, ಅವರೆಗಳ ಕುಟುಂಬದ್ದು, ನೇರಳೆ ಹೂ ಬಿಡುತ್ತದೆ. ಅಲ್ಲಿನ ನಾಟಿ ವೈದ್ಯದಲ್ಲಿ ಬಹಳ ಹಿಂದಿನಿಂದ ಬಳಕೆಯಲ್ಲಿತ್ತು. 1914ರಲ್ಲಿ ಜಾರ್ಜ್ ತಾನ್ರೆ ಎಂಬ ಫ್ರೆಂಚ್ ವಿಜ್ಞಾನಿ ಅದರಿಂದ ಗಲೀಜಿನ್ ಎಂಬ ಸಾರವನ್ನು ಬೇರ್ಪಡಿಸಿದ. ಅದು ಗ್ವನಿಡೀನಿಗೆ ಒಂದು ಬಾಲ ಅಂಟಿಸಿದಂಥ ಅಣು. 1918ರಲ್ಲಿ ವಾಟನಾಬೆ ಎಂಬ ವಿಜ್ಞಾನಿ, ಗ್ವನಿಡೀನ್ ಕೊಟ್ಟ ಮೊಲಗಳ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆಂದು ಬರೆದ. ಮುಂದಿನ ದಶಕದಲ್ಲಿ ಗಲೀಜಿನ್ನನ್ನು ಸಕ್ಕರೆ ಕಾಯಿಲೆಯವರಿಗೇ ಕೊಟ್ಟು ನೋಡಿದರು. ಸಕ್ಕರೆ ಇಳಿಯುತ್ತಿತ್ತು, ಆದರೆ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ, ಔಷಧಿಗೂ ವಿಷಕ್ಕೂ ನಡುವೆ ಇರಬೇಕಾದಷ್ಟು ಅಂತರವೂ ಇರಲಿಲ್ಲ.

ಆ ಗಿಡದ ವಿಷ ಎಂಥದ್ದೆಂದು ಕುರಿಗಳಿಗೆ ಗೊತ್ತು. 1891ರಲ್ಲಿ ಅಮೆರಿಕದ ಯೂಟಾ ರಾಜ್ಯಕ್ಕೆ ಅದನ್ನು ದನಕರುಗಳ ಮೇವಿಗೆಂದು ತಂದರು. ಅದು ಹೊಲಗದ್ದೆ, ಕಾಲುವೆ ಅಂಚುಗಳಿಗೆಲ್ಲ ಹಬ್ಬಿತು. ಅದನ್ನು ಮೇಯ್ದ ಕುರಿಗಳು ಎದೆಗೂಡಿನಲ್ಲಿ ನೀರು ತುಂಬಿ ಉಸಿರುಗಟ್ಟಿ ಸಾಯುತ್ತವೆ. ಇವತ್ತು ಅದು ಅಮೆರಿಕದಲ್ಲಿ ಸರ್ಕಾರವೇ ಪಟ್ಟಿ ಮಾಡಿದ ಹಾನಿಕಾರಕ ಕಳೆ. ರಾಘು, ಗಿಡ ಎಂದ ಮಾತ್ರಕ್ಕೆ ಮೃದು, ಕೆಮಿಕಲ್ ಎಂದ ಮಾತ್ರಕ್ಕೆ ಕಠಿಣ ಎನ್ನುವ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಗಿಡದಲ್ಲಿದ್ದುದು ವಿಷ. ಅದರ ಸುಳಿವು ಹಿಡಿದು ಪ್ರಯೋಗಶಾಲೆಯಲ್ಲಿ ಮಾಡಿದ ಅಣುಗಳನ್ನು ಪರೀಕ್ಷಿಸಿದಾಗ ಒಂದು ಸೌಮ್ಯವಾದ ಔಷಧಿ ಸಿಕ್ಕಿತು.

ಹಾಗೆಂದು ಪ್ರಯೋಗಶಾಲೆ ಎಡವಲಿಲ್ಲ ಎಂದಲ್ಲ. 1926ರಲ್ಲಿ ಜರ್ಮನಿಯಲ್ಲಿ ಸಿಂಥಾಲಿನ್ ಎಂಬ ಔಷಧಿ ಬಂತು. ಹತ್ತು ಇಂಗಾಲದ ಸರಪಳಿಯ ಎರಡು ತುದಿಗೆ ಎರಡು ಗ್ವನಿಡೀನ್. ಬಾಯಲ್ಲಿ ನುಂಗುವ ಇನ್ಸುಲಿನ್ ಸಿಕ್ಕಿತೆಂದು ಜನ ಸಂಭ್ರಮಪಟ್ಟರು. ಅದು ಲಿವರನ್ನು ಕೆಡಿಸುತ್ತದೆಂದು ಬೇಗನೆ ತಿಳಿಯಿತು, ಬಿಟ್ಟರು. ಇತ್ತ 1922ರಲ್ಲೇ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಎಮಿಲ್ ವರ್ನರ್ ಮತ್ತು ಜೇಮ್ಸ್ ಬೆಲ್ ಮೆಟ್‌ಫಾರ್ಮಿನ್ನನ್ನು ತಯಾರಿಸಿ ಇಟ್ಟಿದ್ದರು. ಡೈಸಯನ್‌ಡೈಅಮೈಡ್ ಮತ್ತು ಡೈಮಿಥೈಲ್‌ಅಮೀನ್ ಲವಣ, ಇವೆರಡನ್ನೂ ಬೆರೆಸಿ ಕಾಯಿಸಿದರೆ ಆಯಿತು. ಅವರಿಗಿದ್ದುದು ರಾಸಾಯನಿಕ ಕುತೂಹಲ ಮಾತ್ರ, ಔಷಧಿಯ ಯೋಚನೆ ಇರಲಿಲ್ಲ. 1929ರಲ್ಲಿ ಜರ್ಮನಿಯ ಸ್ಲೋಟಾ ಮತ್ತು ಚೆಷೆ ಇದು ಮೊಲಗಳಲ್ಲಿ ಸಕ್ಕರೆ ಇಳಿಸುತ್ತದೆಂದು ಕಂಡರು. ಆದರೆ ಆ ಹೊತ್ತಿಗೆ ಇನ್ಸುಲಿನ್ ಬಂದಿತ್ತು, ಸಿಂಥಾಲಿನ್ನಿನ ಕಹಿ ನೆನಪೂ ಇತ್ತು. ಯಾರೂ ಮುಂದುವರಿಸಲಿಲ್ಲ.

ಅದನ್ನು ಮತ್ತೆ ಎತ್ತಿಕೊಂಡಿದ್ದು ಬೇರೆ ಕಾಯಿಲೆಗಳು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಜಾವಾ ದ್ವೀಪವನ್ನು ಹಿಡಿದಾಗ ಜಗತ್ತಿಗೆ ಕ್ವಿನೈನ್ ಸಿಗದಂತಾಯಿತು. ನಮ್ಮ ಮಲೆನಾಡಿನ ಚಳಿಜ್ವರದ ಕಥೆಗಳನ್ನು ಅಜ್ಜಿ ಹೇಳುತ್ತಿದ್ದದ್ದು ನಿನಗೆ ನೆನಪಿರಬೇಕು. ಕ್ವಿನೈನ್ ಇಲ್ಲದ ಸೈನ್ಯದ ಗತಿ ಏನೆಂದು ಊಹಿಸಿಕೋ. ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ ಫ್ರಾನ್ಸಿಸ್ ರೋಸ್, ಫ್ರಾಂಕ್ ಕರ್ಡ್ ಮತ್ತು ಅವರ ಸಂಗಡಿಗರು ಹುಡುಕಿ ಹುಡುಕಿ ಒಂದು ಬೈಗ್ವನೈಡಿಗೆ ಬಂದು ನಿಂತರು. ಅದು ಪ್ರೊಗ್ವನಿಲ್, ಪಾಲುಡ್ರಿನ್ ಎಂಬ ಹೆಸರಿನಲ್ಲಿ ಬಂತು, 1945ರಲ್ಲಿ ಪ್ರಕಟವಾಯಿತು. ಸ್ವತಃ ಅದಕ್ಕೆ ಅಷ್ಟು ಶಕ್ತಿಯಿಲ್ಲ. ನಮ್ಮ ಲಿವರ್ ಅದನ್ನು ಉಂಗುರದ ಆಕಾರಕ್ಕೆ ಮಡಿಸಿದಾಗ ಅದು ಮಲೇರಿಯಾ ಪರೋಪಜೀವಿಯ ಫೋಲೇಟ್ ತಯಾರಿಕೆಗೆ ಅಡ್ಡ ಬರುತ್ತದೆ. ಮಲೇರಿಯಾ ಇರುವ ದೇಶಗಳಿಗೆ ಹೋಗುವ ಪ್ರವಾಸಿಗರು ಇವತ್ತಿಗೂ ಅಟೊವಾಕ್ವೋನ್ ಜೊತೆ ಸೇರಿಸಿ ಇದನ್ನು ನುಂಗುತ್ತಾರೆ. ಯುದ್ಧ ಮುಗಿದ ಮೇಲೆ ಫಿಲಿಪ್ಪೀನ್ಸ್‌ನ ವೈದ್ಯ ಯೂಸೇಬಿಯೊ ಗಾರ್ಸಿಯಾ ಫ್ಲೂ ಜ್ವರಕ್ಕೆ ಮೆಟ್‌ಫಾರ್ಮಿನ್ ಕೊಟ್ಟು ನೋಡಿದರು. ಕೆಲವರಲ್ಲಿ ರಕ್ತದ ಸಕ್ಕರೆ ಇಳಿಯಿತೆಂದು ಬರೆದಿಟ್ಟರು. ಆ ಬರಹ ಪ್ಯಾರಿಸ್ಸಿನ ಜಾನ್ ಸ್ಟರ್ನ್ ಕಣ್ಣಿಗೆ ಬಿತ್ತು. ಅವರು ವಿದ್ಯಾರ್ಥಿಯಾಗಿದ್ದಾಗ ಗಲೀಜಿನ್ನಿನ ಪ್ರಯೋಗ ನೋಡಿದವರು. ಬೈಗ್ವನೈಡ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ, ಮೆಟ್‌ಫಾರ್ಮಿನ್ನನ್ನೇ ಆರಿಸಿ, 1957ರಲ್ಲಿ ಮೊರಾಕ್ಕೋದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ದೊಡ್ಡ ಪತ್ರಿಕೆಯಲ್ಲ, ದೊಡ್ಡ ಕಂಪನಿಯೂ ಬೆನ್ನಿಗಿರಲಿಲ್ಲ. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಹೆಚ್ಚು ಗೌರವಕ್ಕೆ ಅರ್ಹರು ಸ್ಟರ್ನ್. ಹೆಚ್ಚು ಬಲವಾದ ಔಷಧಿ ಎದುರಿಗಿದ್ದರೂ ಅವರು ಹೆಚ್ಚು ಸುರಕ್ಷಿತವಾದದ್ದನ್ನು ಆರಿಸಿಕೊಂಡರು.

ಆ ಬಲವಾದ ಔಷಧಿಯೇ ಫೆನ್‌ಫಾರ್ಮಿನ್. ನಿನ್ನ ಕಿವಿಗೆ ಬಿದ್ದ ಭಯ ಹುಟ್ಟಿದ್ದು ಅಲ್ಲಿ.

ಅದರ ವರದಿಯೂ 1957ರಲ್ಲೇ ಅಮೆರಿಕದಲ್ಲಿ ಪ್ರಕಟವಾಯಿತು. ಮೆಟ್‌ಫಾರ್ಮಿನ್ನಿಗೆ ಎರಡು ಪುಟ್ಟ ಮಿಥೈಲ್‌ಗಳಿದ್ದರೆ ಇದಕ್ಕೆ ಬೆಂಜೀನ್ ಉಂಗುರವಿರುವ ಉದ್ದನೆಯ ಬಾಲ. ಆ ಬಾಲ ಎಣ್ಣೆಗೆ, ಕೊಬ್ಬಿಗೆ ಹೊಂದುವಂಥದ್ದು. ಹಾಗಾಗಿ ಜೀವಕೋಶದ ಪೊರೆಗಳಿಗೆ, ಅದರಲ್ಲೂ ಉಸಿರಾಟದ ಕೆಲಸ ನಡೆಯುವ ಮೈಟೊಕಾಂಡ್ರಿಯಾದ ಪೊರೆಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅಲ್ಲಿ ಉಸಿರಾಟ ಕುಂಠಿತವಾದರೆ ಜೀವಕೋಶ ಆಮ್ಲಜನಕವಿಲ್ಲದ ಅಡ್ಡದಾರಿ ಹಿಡಿದು ಲ್ಯಾಕ್ಟಿಕ್ ಆಮ್ಲ ಉಗುಳುತ್ತದೆ. ಜೊತೆಗೆ ಫೆನ್‌ಫಾರ್ಮಿನ್ನನ್ನು ಲಿವರಿನ ಒಂದು ಕಿಣ್ವ ಒಡೆಯಬೇಕು. ಆ ಕಿಣ್ವ ಹುಟ್ಟಿನಿಂದಲೇ ದುರ್ಬಲವಾಗಿರುವ ಜನರಿದ್ದಾರೆ. ಅಂಥವರಲ್ಲಿ ಔಷಧಿ ಒಳಗೇ ಉಳಿಯಿತು, ರಕ್ತ ಆಮ್ಲವಾಯಿತು, ಅನೇಕರು ಸತ್ತರು. 1977ರಲ್ಲಿ ಅಮೆರಿಕ ಸರ್ಕಾರ ತುರ್ತು ಅಧಿಕಾರ ಬಳಸಿ ಅದನ್ನು ಮಾರುಕಟ್ಟೆಯಿಂದ ತೆಗೆಸಿತು. ನಮ್ಮ ದೇಶದಲ್ಲಿ ನಿಷೇಧವಾಗಿದ್ದು 2003ರಲ್ಲಿ, ಅಷ್ಟು ತಡ ಮಾಡಬಾರದಿತ್ತು. ಈ ಕಳಂಕ ಮೆಟ್‌ಫಾರ್ಮಿನ್ನಿಗೂ ತಗುಲಿತು. ಬ್ರಿಟನ್ನಿನಲ್ಲಿ 1958ರಿಂದ ಬಳಕೆಯಲ್ಲಿದ್ದ ಔಷಧಿಗೆ ಅಮೆರಿಕ ಒಪ್ಪಿಗೆ ಕೊಟ್ಟಿದ್ದು 1994ರ ಡಿಸೆಂಬರಿನಲ್ಲಿ.

ಈಗ ಕಿಡ್ನಿಯ ಮಾತು. ಮೆಟ್‌ಫಾರ್ಮಿನ್ ನೀರಿಗೆ ಹೊಂದುವ ಅಣು. ಲಿವರ್ ಅದನ್ನು ಒಡೆಯುವುದಿಲ್ಲ. ಒಳಗೆ ಹೋದದ್ದು ಹೇಗಿತ್ತೋ ಹಾಗೆಯೇ ಕಿಡ್ನಿಯ ಮೂಲಕ ಮೂತ್ರದಲ್ಲಿ ಹೊರಬರುತ್ತದೆ. ಕಿಡ್ನಿ ಅದಕ್ಕೆ ಹೊರಹೋಗುವ ದಾರಿ. ತೋಟದ ಬಸಿಗಾಲುವೆ ಕಟ್ಟಿಕೊಂಡರೆ ಮಳೆನೀರು ಬುಡದಲ್ಲಿ ನಿಂತು ಅಡಿಕೆ ಬೇರು ಕೊಳೆಯುತ್ತದೆ. ಆಗ ಮಳೆನೀರು ಕಾಲುವೆಯನ್ನು ಕೆಡಿಸಿತು ಎಂದು ನೀನು ಹೇಳುವುದಿಲ್ಲ. ಹಾಗೆಯೇ ಇದು. ಕಿಡ್ನಿ ಮೊದಲೇ ಸೋತಿದ್ದರೆ ಮೆಟ್‌ಫಾರ್ಮಿನ್ ಒಳಗೆ ಉಳಿದು ತೊಂದರೆ ಕೊಡಬಹುದು. ಅದಕ್ಕೆಂದೇ ವೈದ್ಯರು ಮೊದಲು ಕಿಡ್ನಿ ಪರೀಕ್ಷೆ ಮಾಡಿಸುತ್ತಾರೆ, ಮಾತ್ರೆ ಕಡಿಮೆ ಮಾಡುತ್ತಾರೆ ಅಥವಾ ನಿಲ್ಲಿಸುತ್ತಾರೆ. ಕಿಡ್ನಿ ಕೆಟ್ಟವರಿಗೆ ಮಾತ್ರೆ ನಿಲ್ಲಿಸಿದ್ದನ್ನು ಕಂಡ ಜನ ಮಾತ್ರೆಯಿಂದಲೇ ಕಿಡ್ನಿ ಕೆಟ್ಟಿತೆಂದು ತಿಳಿದುಕೊಂಡರು. ನಿಜವಾಗಿ ಕಿಡ್ನಿಯನ್ನು ತಿನ್ನುವುದು ಹತೋಟಿಯಿಲ್ಲದ ಸಕ್ಕರೆ ಮತ್ತು ರಕ್ತದೊತ್ತಡ. ನೀನು ಯಾವುದಕ್ಕೆ ಹೆದರಿ ಮಾತ್ರೆ ಬಿಟ್ಟೆಯೋ ಅದನ್ನೇ ಕರೆದುಕೊಳ್ಳುತ್ತಿದ್ದೀಯ.

ಲ್ಯಾಕ್ಟಿಕ್ ಆಮ್ಲದ ಅಪಾಯ ಮೆಟ್‌ಫಾರ್ಮಿನ್ನಿನಲ್ಲಿ ಇಲ್ಲವೇ ಎಂದು ಕೇಳುತ್ತೀಯ. ಬಹಳ ಅಪರೂಪಕ್ಕೆ ಇದೆ, ಅದೂ ಹೆಚ್ಚಾಗಿ ಕಿಡ್ನಿ, ಲಿವರ್, ಹೃದಯ ತೀರಾ ಸೋತವರಲ್ಲಿ. 347 ಅಧ್ಯಯನಗಳನ್ನು ಒಟ್ಟು ಹಾಕಿ 2010ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಮೆಟ್‌ಫಾರ್ಮಿನ್ ತೆಗೆದುಕೊಂಡವರ ವರ್ಷಗಳನ್ನೆಲ್ಲ ಕೂಡಿದರೆ 70,490 ವರ್ಷವಾಯಿತು. ಅಷ್ಟರಲ್ಲಿ ಇಂಥ ಒಂದು ಪ್ರಕರಣವೂ ಸಿಗಲಿಲ್ಲ.

ಅದು ಮೈಯೊಳಗೆ ಮಾಡುವುದೇನು? ರಾತ್ರಿ ಬರೀ ಒಂದು ಲೋಟ ಮಜ್ಜಿಗೆ ಕುಡಿದು ಮಲಗಿದರೂ ಬೆಳಿಗ್ಗೆ ಶುಗರ್ ಯಾಕೆ ಹೆಚ್ಚು ಎಂದು ನೀನು ಕೇಳಿದ್ದೆ. ನಾವು ಉಣ್ಣದೆ ಇದ್ದಾಗ ಲಿವರೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಆರೋಗ್ಯವಂತರಲ್ಲಿ ಇನ್ಸುಲಿನ್ ಅದಕ್ಕೆ ‘ಸಾಕು’ ಎನ್ನುತ್ತದೆ. ನಿನ್ನ ಲಿವರ್ ಆ ಮಾತನ್ನು ಸರಿಯಾಗಿ ಕೇಳುತ್ತಿಲ್ಲ. ಮೆಟ್‌ಫಾರ್ಮಿನ್ ಲಿವರಿನ ಜೀವಕೋಶಗಳಿಗೆ ಅಲ್ಲಿನ ಸಾಗಣೆ ಪ್ರೋಟೀನುಗಳ ಬಾಗಿಲಿನಿಂದ ಒಳಹೋಗುತ್ತದೆ. ನಾನು ನೆನಪಿಟ್ಟುಕೋ ಎಂದ ಆ ಧನ ಆವೇಶ ಈಗ ಕೆಲಸಕ್ಕೆ ಬರುತ್ತದೆ. ಮೈಟೊಕಾಂಡ್ರಿಯಾದ ಒಳಭಾಗ ಋಣ ಆವೇಶದ್ದು, ಆದ್ದರಿಂದ ಅಣು ಅಲ್ಲಿಗೆ ಸೆಳೆಯಲ್ಪಡುತ್ತದೆ. ಅಲ್ಲಿ ಉಸಿರಾಟದ ಸರಪಳಿಯ ಮೊದಲ ಕೊಂಡಿಯನ್ನು ಮೆಲ್ಲಗೆ ತಡೆಯುತ್ತದೆ. ಶಕ್ತಿ ಕಡಿಮೆಯಾಯಿತೆಂದು ಜೀವಕೋಶಕ್ಕೆ ತಿಳಿದಾಗ ಎಎಂಪಿಕೆ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ. ಹೊಸ ಸಕ್ಕರೆ ಮಾಡುವ ಕೆಲಸ ತಗ್ಗುತ್ತದೆ. ಕರುಳಿನಲ್ಲೂ ಇದರ ಕೆಲಸ ಸಾಕಷ್ಟಿದೆ. ಯಾವುದರ ಪಾಲು ಎಷ್ಟೆಂದು ವಿಜ್ಞಾನಿಗಳು ಇನ್ನೂ ವಾದಿಸುತ್ತಲೇ ಇದ್ದಾರೆ. ಒಂದು ಮಾತು ಮಾತ್ರ ಖಚಿತ: ಇದು ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಸುರಿಸುವುದಿಲ್ಲ. ಹಾಗಾಗಿ ಇದೊಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಕುಸಿದು ತಲೆಸುತ್ತಿ ಬೀಳುವ ಭಯ ಬಹಳ ಕಡಿಮೆ. ತೋಟದಲ್ಲಿ ಒಬ್ಬನೇ ಓಡಾಡುವ ನಿನ್ನಂಥವನಿಗೆ ಇದು ಸಣ್ಣ ಮಾತಲ್ಲ.

1998ರಲ್ಲಿ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಮೈತೂಕ ಹೆಚ್ಚಿದ್ದ, ಹೊಸದಾಗಿ ಸಕ್ಕರೆ ಕಾಯಿಲೆ ಗೊತ್ತಾದವರನ್ನು ಹತ್ತು ವರ್ಷಕ್ಕೂ ಮೇಲ್ಪಟ್ಟು ಗಮನಿಸಿದ್ದರು. ಆಹಾರ ಪಥ್ಯವೇ ಮುಖ್ಯವಾಗಿದ್ದವರಿಗೆ ಹೋಲಿಸಿದರೆ ಮೆಟ್‌ಫಾರ್ಮಿನ್ ಪಡೆದವರಲ್ಲಿ ಸಾವು ಶೇಕಡಾ 36ರಷ್ಟು ಕಡಿಮೆ, ಹೃದಯಾಘಾತ ಶೇಕಡಾ 39ರಷ್ಟು ಕಡಿಮೆ. ನಮ್ಮವರ ಮೈಗೂ ಇದು ಹೊಂದುತ್ತದೆಯೇ ಎಂದು ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ನೋಡಿದರು. ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಆರಿಸಿಕೊಂಡು 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ 500 ಮಿಲಿಗ್ರಾಂ ಮೆಟ್‌ಫಾರ್ಮಿನ್ ಕಾಯಿಲೆಯ ಸಾಧ್ಯತೆಯನ್ನು ಶೇಕಡಾ 26.4ರಷ್ಟು ಇಳಿಸಿತು. ನಡಿಗೆ ಮತ್ತು ಊಟದ ಬದಲಾವಣೆ ಶೇಕಡಾ 28.5ರಷ್ಟು ಇಳಿಸಿತು. ಆದ್ದರಿಂದ ಮಾತ್ರೆ ಶುರುಮಾಡಿದೆ ಎಂದು ನಡಿಗೆ ಬಿಡಬೇಡ, ಅನ್ನದ ರಾಶಿಯನ್ನೂ ಮೊದಲಿನಂತೆ ಬಡಿಸಿಕೊಳ್ಳಬೇಡ.

ಈ ಕುಲದ ಇನ್ನೊಬ್ಬ ಸದಸ್ಯ ನಿನ್ನ ಮನೆಯಲ್ಲೇ ಇದ್ದಾನೆ. ಕತ್ತಿ ತಾಗಿದಾಗ ಶಾರದೆ ನೀರಿಗೆ ಬೆರೆಸಿ ಗಾಯ ತೊಳೆಯುವ ಸ್ಯಾವ್ಲಾನ್‌ನಲ್ಲಿ ಕ್ಲೋರ್‌ಹೆಕ್ಸಿಡಿನ್ ಇದೆ. ಪ್ರೊಗ್ವನಿಲ್ ಕಂಡುಹಿಡಿದ ಕಂಪನಿಯಲ್ಲೇ, ಅದೇ ಹುಡುಕಾಟದ ಜಾಡಿನಲ್ಲಿ ಸಿಕ್ಕಿದ್ದು. 1954ರಲ್ಲಿ ಅದರ ವಿವರ ಪ್ರಕಟವಾಯಿತು. ಆರು ಇಂಗಾಲದ ಸರಪಳಿಯ ಎರಡೂ ಕಡೆ ಒಂದೊಂದು ಬೈಗ್ವನೈಡ್, ತುದಿಗಳಲ್ಲಿ ಕ್ಲೋರಿನ್ ಹೊತ್ತ ಉಂಗುರಗಳು. ಬ್ಯಾಕ್ಟೀರಿಯಾದ ಹೊರಮೈ ಋಣ ಆವೇಶದ್ದು, ಇದರದ್ದು ಧನ. ಹೋಗಿ ಅಂಟಿಕೊಂಡು ಪೊರೆಯನ್ನು ಸೀಳಿ ಒಳಗಿನದ್ದೆಲ್ಲ ಸೋರಿಹೋಗುವಂತೆ ಮಾಡುತ್ತದೆ. ಹಲ್ಲಿನ ಡಾಕ್ಟರು ವಸಡಿಗೆ ಬಾಯಿ ಮುಕ್ಕಳಿಸಲು ಕೊಡುವುದೂ ಇದೇ. ಬಾಯೊಳಗೆ ಗಂಟೆಗಟ್ಟಲೆ ಅಂಟಿಕೊಂಡು ಕೆಲಸ ಮಾಡುತ್ತದೆ, ಬಹಳ ದಿನ ಬಳಸಿದರೆ ಹಲ್ಲಿಗೆ ಕಂದು ಕಲೆಯನ್ನೂ ಕೊಡುತ್ತದೆ. ಪೇಸ್ಟಿನಲ್ಲಿರುವ ನೊರೆಯ ವಸ್ತು ಋಣ ಆವೇಶದ್ದಾದ್ದರಿಂದ ಹಲ್ಲುಜ್ಜಿದ ಕೂಡಲೇ ಮುಕ್ಕಳಿಸಿದರೆ ಎರಡೂ ಹಿಡಿದುಕೊಂಡು ಔಷಧಿ ವ್ಯರ್ಥ, ಅರ್ಧ ಗಂಟೆ ಬಿಡಬೇಕು. ಕಣ್ಣಿಗೆ, ಕಿವಿಯೊಳಗೆ ಮಾತ್ರ ತಾಗಿಸಲೇಬಾರದು.

ಇದರ ಬಗ್ಗೆ ನನ್ನ ಮನಸ್ಸು ತುಂಬಿಬರುವುದು ನೇಪಾಳದ ಕಾರಣಕ್ಕೆ. ಅಲ್ಲಿನ ತರಾಯಿಯ ಸರ್ಲಾಹಿ ಜಿಲ್ಲೆಯ ಹಳ್ಳಿಗಳಲ್ಲಿ ಮನೆಯಲ್ಲೇ ಹುಟ್ಟಿದ ಕೂಸುಗಳ ಹೊಕ್ಕುಳಬಳ್ಳಿಗೆ ಶೇಕಡಾ 4ರ ಕ್ಲೋರ್‌ಹೆಕ್ಸಿಡಿನ್ ಹಚ್ಚಿ ನೋಡಿದರು. 2006ರಲ್ಲಿ ಫಲಿತಾಂಶ ಬಂತು. ಹೊಕ್ಕುಳ ಸೋಂಕು ಬಹಳ ಇಳಿಯಿತು, ಹುಟ್ಟಿದ 24 ಗಂಟೆಯೊಳಗೆ ಹಚ್ಚಿದ ಕೂಸುಗಳಲ್ಲಿ ಸಾವೂ ಕಡಿಮೆಯಾಯಿತು. ನೇಪಾಳ ಸರ್ಕಾರ ಅದನ್ನು ಹಳ್ಳಿಹಳ್ಳಿಗೆ ಮುಟ್ಟಿಸಿತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಗತ್ಯ ಔಷಧಿಗಳ ಪಟ್ಟಿಯ ಮಕ್ಕಳ ಭಾಗಕ್ಕೆ ಅದನ್ನು ಸೇರಿಸಿತು.

ಬೈಗ್ವನೈಡ್‌ಗಳನ್ನು ಸರಪಳಿಯಂತೆ ಉದ್ದಕ್ಕೆ ಪೋಣಿಸಿದರೆ ಪಿಎಚ್‌ಎಂಬಿ ಎಂಬ ಪಾಲಿಮರ್ ಬರುತ್ತದೆ. ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲಕ್ಕೆ ತಗುಲಿದರೆ ಶೇಕಡಾ 0.02ರ ಪಿಎಚ್‌ಎಂಬಿ ಹನಿಗಳೇ ಮುಖ್ಯ ಆಸರೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಹೆಚ್ಚಾಗಿ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಕಾಯಿಲೆ. ನಮ್ಮಲ್ಲಿ ಕಣ್ಣಿಗೆ ಮಣ್ಣು, ಕಸ, ಕೊಳಕು ನೀರು ಬಿದ್ದ ಕೃಷಿಕರಲ್ಲಿ ಹೆಚ್ಚು ಕಾಣುತ್ತದೆ. ಕಣ್ಣಿಗೆ ಕಸ ಬಿದ್ದು ಕೆಂಪಗಾಗಿ ನೋಯುತ್ತಿದ್ದರೆ ಅಂಗಡಿಯಿಂದ ಯಾವುದೋ ಹನಿ ತಂದು ಹಾಕಿಕೊಳ್ಳಬೇಡ, ಕಣ್ಣಿನ ಡಾಕ್ಟರ ಹತ್ತಿರ ಹೋಗು.

ನಿನಗೆ ಕೊಟ್ಟ ಆ ಬೇರಿನ ಪುಡಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. 2000ನೇ ಇಸವಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗಿಡಮೂಲಿಕೆ ಎಂದು ಮಾರುತ್ತಿದ್ದ ಕೆಲವು ಚೀನೀ ಸಕ್ಕರೆ ಔಷಧಿಗಳನ್ನು ಪರೀಕ್ಷಿಸಿದಾಗ ಒಳಗೆ ಸಿಕ್ಕಿದ್ದು ಫೆನ್‌ಫಾರ್ಮಿನ್. ಹಾಂಗ್‌ಕಾಂಗ್‌ನ ವೈದ್ಯರೂ ಇಂಥವನ್ನು ಕಂಡು ಬರೆದಿದ್ದಾರೆ. ನಿನ್ನ ಪುಡಿಯಲ್ಲಿ ಅದೇ ಇದೆ ಎಂದು ನಾನು ಹೇಳುತ್ತಿಲ್ಲ. ಹಣೆಪಟ್ಟಿಯಿಲ್ಲದ ಡಬ್ಬಿಯಲ್ಲಿ ಏನಿದೆ, ಎಷ್ಟಿದೆ ಎಂದು ನಿನಗಾಗಲಿ ಕೊಟ್ಟವರಿಗಾಗಲಿ ಗೊತ್ತಿಲ್ಲ. ನಿನ್ನ ಮಾತ್ರೆಯ ಗುಣ, ದೋಷ ಎರಡೂ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಎಲ್ಲರೆದುರು ಪರೀಕ್ಷೆಯಾಗಿವೆ.

ದೋಷಗಳನ್ನೂ ಹೇಳುತ್ತೇನೆ. ಶುರುವಿನಲ್ಲಿ ಹೊಟ್ಟೆ ಕೆಡುತ್ತದೆ, ವಾಕರಿಕೆ ಬರುತ್ತದೆ. ಊಟದ ಜೊತೆ ತೆಗೆದುಕೊಂಡರೆ, ಕಡಿಮೆಯಿಂದ ನಿಧಾನವಾಗಿ ಹೆಚ್ಚಿಸಿದರೆ ಬಹಳ ಜನರಿಗೆ ಸರಿಹೋಗುತ್ತದೆ. ಹಾಗಾಗದಿದ್ದರೆ ನಿಧಾನವಾಗಿ ಕರಗುವ ಮಾತ್ರೆ ಇದೆ. ವಾಂತಿ ಭೇದಿಯಾಗಿ ಮೈಯ ನೀರು ಬತ್ತಿದಾಗ, ಸ್ಕ್ಯಾನಿಂಗಿಗೆ ಅಯೋಡಿನ್ ಇರುವ ಬಣ್ಣ ಚುಚ್ಚುವಾಗ, ಮಾತ್ರೆಯನ್ನು ಕೆಲವು ದಿನ ನಿಲ್ಲಿಸಬೇಕೇ ಎಂದು ಡಾಕ್ಟರನ್ನು ಕೇಳಬೇಕು. ಕಿಡ್ನಿಯ ಕೆಲಸವನ್ನು ಅಳೆಯುವ ಇಜಿಎಫ್‌ಆರ್ ಲೆಕ್ಕ 30ಕ್ಕಿಂತ ಕೆಳಗಿದ್ದರೆ ಈ ಮಾತ್ರೆ ಕೊಡುವುದಿಲ್ಲ. 30ರಿಂದ 45ರ ನಡುವೆ ಇದ್ದರೆ ಹೊಸದಾಗಿ ಶುರುಮಾಡುವುದಿಲ್ಲ. ವಿಪರೀತ ಕುಡಿಯುವವರಿಗೆ ಇದು ಆಗಬರುವುದಿಲ್ಲ. ವರ್ಷಗಟ್ಟಲೆ ನುಂಗಿದರೆ ಬಿ12 ಜೀವಸತ್ವ ಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗುವುದಿಲ್ಲ. ಮೀನು, ಮಾಂಸ, ಮೊಟ್ಟೆ ಯಾವುದನ್ನೂ ಮುಟ್ಟದ ನಮ್ಮಂಥ ಮನೆಗಳಲ್ಲಿ ಅದು ಮೊದಲೇ ಕಡಿಮೆ ಇರುತ್ತದೆ. ಪಾದ ಜೋಮು ಹಿಡಿದರೆ ಸಕ್ಕರೆಯಿಂದಲೇ ಎಂದು ಸುಮ್ಮನಾಗಬಾರದು, ಬಿ12 ಕೊರತೆಯಿಂದಲೂ ಆಗುತ್ತದೆ, ಅದಕ್ಕೆ ಸುಲಭದ ಪರಿಹಾರವಿದೆ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಅವರಲ್ಲಿ ಬಡವರೇ ಎಷ್ಟೋ ಮಂದಿ. ಪೇಟೆಂಟ್ ಇಲ್ಲದ, ಕೆಲವೇ ರೂಪಾಯಿಗೆ ಸಿಗುವ, ಸರ್ಕಾರಿ ಆಸ್ಪತ್ರೆಯಲ್ಲೂ ಕೊಡುವ ಈ ಮಾತ್ರೆ ಅವರಿಗೆ ದೊಡ್ಡ ಆಧಾರ. ಅದರ ಮೇಲೆ ಸುಳ್ಳು ಭಯ ಹುಟ್ಟಿಸುವವರ ಬಗ್ಗೆ ನನಗೆ ಸಿಟ್ಟು ಬರುವುದು ಅದಕ್ಕೇ.

ಕೊಯ್ಲು ಮುಗಿಯಲಿ ಎಂದು ಕಾಯಬೇಡ. ಈ ವಾರವೇ ಡಾಕ್ಟರ ಹತ್ತಿರ ಹೋಗು, ಮಾತ್ರೆ ಬಿಟ್ಟಿದ್ದನ್ನು ಮುಚ್ಚಿಡದೆ ಹೇಳು, ಪುಡಿಯ ಡಬ್ಬಿಯನ್ನೂ ತೋರಿಸು. ಕ್ರಿಯಾಟಿನಿನ್, ಇಜಿಎಫ್‌ಆರ್, ಎಚ್‌ಬಿಎ1ಸಿ, ಬಿ12 ಈ ನಾಲ್ಕನ್ನೂ ಪರೀಕ್ಷೆ ಮಾಡಿಸಿಕೊಡಿ ಎಂದು ಕೇಳು. ಮತ್ತೆ ಎಷ್ಟು ಮಿಲಿಗ್ರಾಮಿನಿಂದ ಶುರುಮಾಡಬೇಕೆಂದು ಅವರೇ ಹೇಳಲಿ. ರಿಪೋರ್ಟು ಬಂದ ಕೂಡಲೇ ಅಂಕಿಗಳನ್ನು ನನಗೆ ಓದಿ ಹೇಳು.

ನಿನ್ನ ಅಕ್ಕ